ಜವಳು, ತರಿ, ಸೋಸು: ಜೊಂಡಿನಿಂದ ನೀರು ತಿಳಿಯಾಗುವುದಕ್ಕೆ ಯಾವ ಪದ?

ಪದಬಲ್ಲ ಹಿರಿಯರಿಗೂ ಗೆಳೆಯರಿಗೂ ಸಿಂಧನೂರಿನಿಂದ ನಮಸ್ಕಾರ. ಜೊಂಡು, ಲಾವಂಚ, ಕಾಬಾಳೆಗಳಂಥ ಗಿಡಗಳನ್ನು ಹೊಂಡಗಳಲ್ಲಿ ಬೆಳೆಸಿ, ಕೊಳೆನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಮುಂತಾದವನ್ನು ತಗ್ಗಿಸುವ ವಿಧಾನದ ಬಗ್ಗೆ ರೈತರಿಗಾಗಿ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಹಟ್ಟಿಯ ಚಿನ್ನದ ಅದಿರಿನೊಡನೆ ಆರ್ಸೆನಿಕ್ ಉಳ್ಳ ಖನಿಜವೂ ಇರುವುದರಿಂದ ರಾಯಚೂರು ಜಿಲ್ಲೆಗೆ ಇದು ದೂರದ ವಿಷಯವಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ಮಿತಿ ಹಾಕಿರುವ ವಸ್ತು ಅದು.

ಇದಕ್ಕೆ ಕನ್ನಡದ ಪದ ಹುಡುಕುವಾಗ ತೊಡಕು ಇಂಥ ಗಿಡ ಬೆಳೆಯುವ, ನೀರು ನಿಂತ ಭೂಮಿಯ ಹೆಸರಿನಿಂದಲೇ ಶುರುವಾಗುತ್ತದೆ. ಪಠ್ಯಪುಸ್ತಕದ ‘ಜೌಗು ಪ್ರದೇಶ’ ತಪ್ಪಲ್ಲ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಜೌಗು ಎಂದ ಕೂಡಲೇ ನೆನಪಾಗುವುದು ‘ಸವಳು-ಜವಳು’ ಎಂಬ ಜೋಡಿನುಡಿ, ಅಂದರೆ ನೀರು ನಿಂತು, ಉಪ್ಪು ಮೇಲೆದ್ದು, ಭತ್ತವೂ ಬಾರದಂತಾದ ಹೊಲ. ಅಂಥ ಹೊಲವನ್ನು ಕಳೆದುಕೊಂಡವರಿಗೆ ‘ಜವಳು ಮಾಡಿ ನೀರು ಶುದ್ಧ ಮಾಡಿರಿ’ ಎಂದು ಬರೆಯಲು ನನಗೆ ಮನಸ್ಸು ಬರುವುದಿಲ್ಲ. ‘ತರಿಭೂಮಿ’ ಎಂದರೆ ಕಂದಾಯದ ಪಹಣಿಯಲ್ಲಿ ಖುಷ್ಕಿಗೆ, ಅಂದರೆ ಮಳೆಯನ್ನೇ ನಂಬಿದ ಒಣ ಹೊಲಕ್ಕೆ, ಎದುರಾದ ನೀರಾವರಿ ಗದ್ದೆ ಎಂದೇ ಅರ್ಥ. ಸದ್ಯಕ್ಕೆ ‘ಜೊಂಡಿನ ಹೊಂಡ’ ಎಂದು ಬರೆದಿಟ್ಟಿದ್ದೇನೆ. ಅಂತರಗಂಗೆಯದೂ ಇಂಥದೇ ಗೊಂದಲ: ಎಲೆಕೋಸಿನಂತೆ ತೇಲುವ ಗಿಡಕ್ಕೂ, ಉಬ್ಬಿದ ತೊಟ್ಟಿನ ನೇರಳೆ ಹೂವಿನ ಗಿಡಕ್ಕೂ ಜನ ಅದೇ ಹೆಸರು ಹೇಳುತ್ತಾರೆ.

ನನಗೆ ಹೆಚ್ಚು ಕಾಡುತ್ತಿರುವುದು ಕ್ರಿಯಾಪದ. ‘ಸಸ್ಯಶುದ್ಧೀಕರಣ’ ಎಂದು ಹೆಸರಿಟ್ಟು, ‘ಗಿಡವು ಭಾರಲೋಹಗಳನ್ನು ಹೀರಿಕೊಳ್ಳುತ್ತದೆ’ ಎಂದು ವಿವರಿಸುವುದು ರೂಢಿ. ಕಳೆದ ವಾರ ಬಸಿಗಾಲುವೆಯಿಂದ ಒಂದು ಜೊಂಡನ್ನು ಬುಡಸಮೇತ ಕಿತ್ತು ನೋಡಿದೆ. ಬೇರಿನ ಮೇಲೆಲ್ಲ ತುಕ್ಕಿನ ಬಣ್ಣದ ಪದರ; ಉಜ್ಜಿದರೆ ಉಗುರಿಗೂ ಹತ್ತಿತು. ಎಲೆಯ ಬುಡವನ್ನು ಅಡ್ಡ ಕೊಯ್ದಾಗ ಜೇನುಹುಟ್ಟಿನಂತೆ ಸಾಲು ಗಾಳಿಗೂಡುಗಳು ಕಂಡವು. ಆ ಗೂಡುಗಳಿಂದ ಇಳಿದ ಗಾಳಿ ಬೇರಿನ ಸುತ್ತ ಸೂಸಿ, ಕೆಸರಿನ ಕಬ್ಬಿಣ ತುಕ್ಕಾಗಿ ಬೇರಿಗೆ ಮೆತ್ತಿಕೊಳ್ಳುತ್ತದೆ. ಆರ್ಸೆನಿಕ್ ಆ ತುಕ್ಕಿಗೆ ಅಂಟುತ್ತದೆ. ಗಾಳಿ ತಾಗದ ಕಪ್ಪು ಕೆಸರಿನಲ್ಲಿ ಸೂಕ್ಷ್ಮಜೀವಿಗಳ ಕೆಲಸದಿಂದ ಸೀಸ, ಸತು, ಕ್ಯಾಡ್ಮಿಯಂಗಳು ಗಂಧಕದೊಡನೆ ಕೂಡಿ, ಗಿಡದೊಳಗೆ ಹೋಗದೆಯೇ ತಳಕ್ಕೆ ಕೂರುತ್ತವೆ. ಜೊಂಡಿನಂಥ ಗಿಡಗಳಲ್ಲಿ ಎಲೆಯವರೆಗೆ ಏರುವುದು ಸಾಮಾನ್ಯವಾಗಿ ಸ್ವಲ್ಪವೇ. ಲೋಹವು ಕೊಳೆತು ಇಲ್ಲವಾಗುವ ವಸ್ತುವೂ ಅಲ್ಲ. ಅದು ನೀರಿನಿಂದ ಕೆಸರಿಗೆ, ಬೇರಿಗೆ ಜಾಗ ಬದಲಿಸಿರುತ್ತದೆ, ಅಷ್ಟೆ. ‘ಹೀರಿಕೊಂಡಿತು’ ಎಂದು ಓದಿದವರು ವಿಷ ಮುಗಿಯಿತೆಂದು ತಿಳಿದು, ಕೊಯ್ದ ಗಿಡವನ್ನು ಎಮ್ಮೆಗೆ ಹಾಕಿದರೆ, ತಿಪ್ಪೆಗೆ ಎಸೆದರೆ ಗತಿಯೇನು?

ಆದ್ದರಿಂದ ‘ಸೋಸು’ ಎಂಬ ನಮ್ಮ ಅಡುಗೆಮನೆಯ ಪದದ ಕಡೆಗೆ ನನ್ನ ಒಲವು. ಚಹಾ ಸೋಸಿದರೆ ಚರಟ ಉಳಿಯುತ್ತದೆ, ಪಲ್ಯೆ ಸೋಸಿದರೆ ದಂಟು-ಕಸ ಉಳಿಯುತ್ತದೆ. ಉಳಿದದ್ದನ್ನು ಏನು ಮಾಡಬೇಕೆಂಬ ಪ್ರಶ್ನೆ ಆ ಪದದಲ್ಲೇ ಇದೆ. ‘ಶುದ್ಧೀಕರಣ’ದಲ್ಲಿ ಅದಿಲ್ಲ. ‘ಶೋಧನೆ’ಗೂ ಸೋಸುವ ಅರ್ಥವುಂಟಾದರೂ ಇಂದಿನ ಓದುಗರಿಗೆ ಅದು ಹುಡುಕಾಟವೆಂದೇ ತೋರುತ್ತದೆ.

‘ಬೇರುಸೋಸಿಕೆ’ ಎಂದು ಬಳಸಿದರೆ ನಿಮ್ಮ ಕಿವಿಗೆ ಒಗ್ಗುತ್ತದೆಯೇ? ಕೆಸರಿನಲ್ಲಿ ಕೂರುವ ಲೋಹಕ್ಕೂ ಅದು ಸಲ್ಲುತ್ತದೆಯೇ, ಅಥವಾ ಅದಕ್ಕೆ ‘ತಳಗಟ್ಟಿಕೆ’ ಎಂದು ಬೇರೆಯೇ ಪದ ಬೇಕೇ? ಲೋಹ ತುಂಬಿದ, ಕೊಯ್ದ ಗಿಡವನ್ನು ‘ಚರಟ’ ಎನ್ನಬಹುದೇ? ಲಿಂಗಸುಗೂರು, ಗಂಗಾವತಿ, ಸಿರುಗುಪ್ಪದ ಕಡೆ ಇದಕ್ಕೆ ಹೊಂದುವ ಆಡುಮಾತು ಇದ್ದರೆ ದಯವಿಟ್ಟು ತಿಳಿಸಿರಿ.