ಸಹಾಯ ಬೇಕು: ಮಾಲ್ ಒಳಗಿನ ರೋಲರ್ ಕೋಸ್ಟರ್ ಬೆಳಗ್ಗೆ ಮಾತ್ರ ತೆವಳುತ್ತೆ

ರೈಡ್ ಮೆಂಟೆನೆನ್ಸ್‌ನವರು ಸ್ವಲ್ಪ ನೋಡಿ. ಚೈನ್ ಲಿಫ್ಟ್ (ಟ್ರೇನನ್ನು ಮೇಲಕ್ಕೆ ಎಳೆಯೋ ಸರಪಳಿ) ಇರೋ ಚಿಕ್ಕ ಕೋಸ್ಟರ್. ಬೆಳಗಿನ ಮೊದಲ ಖಾಲಿ ರೌಂಡ್‌ಗಳಲ್ಲಿ ಟ್ರೇನ್ ಕೊನೆ ತಿರುವಲ್ಲಿ ತೆವಳಿ, ಬ್ರೇಕ್ ಸೆನ್ಸರ್‌ಗೆ ತಡವಾಗಿ ತಲುಪುತ್ತೆ. ಪಿಎಲ್‌ಸಿ (ರೈಡ್ ನಿಯಂತ್ರಿಸೋ ಕಂಪ್ಯೂಟರ್) ಟೈಮ್‌ಔಟ್, ಅಂದರೆ ಸಮಯ ಮೀರಿತು ಅಂತ ಕೊಟ್ಟು ಲಿಫ್ಟ್ ನಿಲ್ಲಿಸುತ್ತೆ. ನಾಲ್ಕು ರೌಂಡ್ ಬಿಸಿಯಾದ ಮೇಲೆ ಸರಿ.

ರಾತ್ರಿಯಿಡೀ ಒಂದೇ ಕಡೆ ಭಾರ ಹೊತ್ತ ಪಾಲಿಯುರೆಥೇನ್ ಚಕ್ರ ಕೊಂಚ ಚಪ್ಪಟೆಯಾಗೋದು, ಎಸಿ ತಂಪಿಗೆ ಗ್ರೀಸ್ ಗಟ್ಟಿಯಾಗೋದು ಮಾಮೂಲಿ. ಆದರೆ ಇಲ್ಲಿ ಬೋಗಿ (ಚಕ್ರಗಳ ಜೋಡಣೆ) ಎತ್ತಿ ಕೈಯಲ್ಲಿ ತಿರುಗಿಸಿದರೆ ಎಡಗಡೆ ಸೈಡ್ ಚಕ್ರ ಎರಡೇ ಸುತ್ತಿಗೆ ನಿಲ್ಲುತ್ತೆ, ಬಲಗಡೆಯದು ಆರಾಮಾಗಿ ಸುತ್ತುತ್ತೆ. ಹಳಿ ಅಗಲ, ಚಕ್ರ-ಹಳಿ ಗ್ಯಾಪ್ ಎರಡೂ ಕೈಪಿಡಿಯ ಮಿತಿಯಲ್ಲೇ ಇವೆ.

ಎಡ ಚಕ್ರದ ಈ ಬಿಗಿತ, ಹೊಸ ಬೇರಿಂಗ್ ಹಾಕಿದಾಗ ಗ್ರೀಸ್ ಜಾಸ್ತಿ ತುಂಬಿದ್ದಕ್ಕೋ, ನಟ್ ಬಿಗಿ ಹೆಚ್ಚಾಗಿದ್ದಕ್ಕೋ? ಬಿಚ್ಚದೆ ಪತ್ತೆ ಹಚ್ಚೋ ದಾರಿ ಇದ್ದರೆ ಹೇಳಿ. ಟೈಮ್‌ಔಟ್ ಜಾಸ್ತಿ ಮಾಡಿ ಅನ್ನೋ ಸಲಹೆ ಮಾತ್ರ ಬೇಡ, ಅದು ಸುರಕ್ಷತೆಯ ಸೆಟ್ಟಿಂಗ್.