ಕಾಣೆಯಾದ ಕೋಟಿ, ಹೊಂದದ ಜೋಡಿ: ನಮ್ಮ ಸಿನಿಮಾಕ್ಕೆ ನಿಮ್ಮ ಅನುಭವ ಹೇಳ್ರಿ

ಸಿರುಗುಪ್ಪದಿಂದ: ಗೆಳೆಯರು ಸೇರಿ ಅರ್ಧ ತಾಸಿನ ಸಿನಿಮಾ ಮಾಡ್ಬೇಕು ಅಂತಿದೀವಿ. ಭತ್ತದ ದಲಾಲಿ ಅಂಗಡಿಯ ಒಂದು ಕೋಟಿ ರೂಪಾಯಿ ಕಾಣೆಯಾಗುತ್ತೆ. ಹುಡುಕೋಕೆ ಅಂಗಡಿ ಗುಮಾಸ್ತ, ಒಬ್ಬ ಹಗಲುವೇಷದ ಕಲಾವಿದ ಜೊತೆಯಾಗ್ತಾರೆ. ಬರೆದು ನೋಡಿದ್ರೆ ಹೊಡೆದಾಟ ಒಂದು ಕಡೆ, ನಗು ಒಂದು ಕಡೆ ಉಳಿದೈತೆ. ಎರಡೂ ಕೂಡೋದು ಹೆಂಗೆ?

ಗಂಗಾವತಿಯಿಂದ: ಮೊದಲು ದುಡ್ಡನ್ನ ತೂಕ ಮಾಡ್ರಿ. ಒಂದು ಕೋಟಿ ಅಂದ್ರ 500ರ ನೋಟು 20,000, ಅಂದ್ರ ನೂರು ನೋಟಿನ 200 ಕಟ್ಟು. 20 ಕಿಲೋ ದಾಟತೈತಿ. ಅದನ್ನ ಹೊತ್ತು ಹೊಡೆದಾಡೋದು ಸುಲಭ ಅಲ್ಲ. ನಮ್ಮ ನಾಟಕದಾಗ ಗಂಟಿಗೆ ಅಷ್ಟೇ ತೂಕದ ಭತ್ತ ತುಂಬಿದ್ವಿ. ನಟರ ಹೆಗಲು ವಾಲಿತು, ಏದುಸಿರು ಬಂತು, ಬೈಯೋ ಮಾತು ಅರ್ಧಕ್ಕೇ ನಿಂತಿತು. ಜನ ನಕ್ಕಿದ್ದು ಅಲ್ಲೇ. ನಗಸಾಕ ಬೇರೆ ಡೈಲಾಗ್ ಬೇಕಾಗಲಿಲ್ಲ.

ಕಂಪ್ಲಿ ಸೇತುವೆನೂ ಕಥೆಗೆ ತರ್ರಿ. ತುಂಗಭದ್ರಾ ಜಲಾಶಯದಿಂದ ಜಾಸ್ತಿ ನೀರು ಬಿಟ್ರ ಅದು ಮುಳುಗಿ ಗಂಗಾವತಿ ದಾರಿ ಬಂದ್ ಆಗತೈತಿ. ದುಡ್ಡು ಆ ದಂಡಿಗೆ, ಇವರಿಬ್ಬರು ಈ ದಂಡಿಗೆ. ಒಬ್ಬರನ್ನೊಬ್ಬರು ನಂಬದವರು ರಾತ್ರಿಯೆಲ್ಲ ಒಂದೇ ಕಡೆ ಕುಂದರಬೇಕು. ಆದ್ರ ನೀರು ಬಂದಾಗ ಹೊಳಿಗೆ ಇಳೀಬ್ಯಾಡ್ರಿ, ದೂರದಿಂದಲೇ ಶೂಟಿಂಗ್ ಮಾಡ್ರಿ.

ರಾಯಚೂರಿಂದ: ಜೋಡಿ ಬಗ್ಗೆ ನಾ ಹೇಳ್ತೀನಿ. ಬರೇ ಸ್ವಭಾವ ಬ್ಯಾರೆ ಇದ್ರ ಸಾಲದು, ಒಬ್ಬನಿಲ್ಲದ ಇನ್ನೊಬ್ಬನ ಕೆಲಸ ನಡೀಬಾರದು. ಗುಮಾಸ್ತನಿಗೆ ಲೆಕ್ಕ ಗೊತ್ತು, ಸುಳ್ಳು ಹೇಳಿದ್ರ ಮುಖದಾಗ ಕಾಣ್ತದ. ವೇಷದವನಿಗೆ ನೂರು ಮುಖ, ಲೆಕ್ಕದ ಪುಸ್ತಕ ತಲಿಗೆ ಹತ್ತಲ್ಲ. ಕೈ ಮುಗಿದು ಕೇಳ್ತೀನಿ, ಹಗಲುವೇಷದವರನ್ನ ನೋಡಿ ನಗೋ ಹಂಗ ಬರೀಬ್ಯಾಡ್ರಿ. ಅವರ ಕಲೆ ಮ್ಯಾಲೇ ಕಳ್ಳ ಸಿಗಲಿ.

ಮಾತಿನಾಗೂ ಜೋಡಿ ಬ್ಯಾರೆ ಇರಲಿ. 1948ರ ತನಕ ರಾಯಚೂರು ನಿಜಾಮರ ಕೈಯಾಗಿತ್ತು, 1953ರ ತನಕ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಎರಡೂ ಜಿಲ್ಲೆ ಕೂಡಿಸೋ ದಡೇಸೂಗೂರು ಸೇತುವೆ ದಾಟಿದ್ರ ಇವತ್ತಿಗೂ ಮಾತಿನ ಧಾಟಿ ಬದಲಾಗ್ತದ. ಗುಮಾಸ್ತ ನಿಮ್ಮ ಸಿರುಗುಪ್ಪದವ, ತೆಲುಗು ಬೆರೆಸಲಿ. ವೇಷದವ ಸಿಂಧನೂರು ಕಡೆಯವ, ಉರ್ದು ಬೆರೆಸಲಿ. ಇಬ್ಬರ ಬಾಯಾಗೂ ಬೆಂಗಳೂರು ಕನ್ನಡ ಹಾಕಿದ್ರ ನಮ್ಮ ಸೀಮೆಯ ಕಥೆ ಅನಸಂಗಿಲ್ಲ.

ಬಳ್ಳಾರಿಯಿಂದ: ಅಸಲಿ ನೋಟಿನ ಥರ ಕಾಣೋ ಕಾಗದ ಪ್ರಿಂಟ್ ಮಾಡಿಸಬೇಡ್ರಿ, ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 182ರಲ್ಲಿ ಅದು ಅಪರಾಧ. ಬಿಳಿ ಕಾಗದವನ್ನ 500ರ ನೋಟಿನ ಅಳತೆಗೆ, ಅಂದ್ರೆ 66 ಮಿ.ಮೀ.ಗೆ 150 ಮಿ.ಮೀ., ಕತ್ತರಿಸಿ ಮೇಲೊಂದು ನಿಜವಾದ ನೋಟು ಇಟ್ರೆ ಸಾಕು. ಕತೆ 2024ರ ಜುಲೈ ಆದ್ಮೇಲಿಂದಾದ್ರೆ ಎಫ್‌ಐಆರ್‌ನಲ್ಲಿ 420 ಬರೆಯೋ ಹಂಗಿಲ್ಲ, ವಂಚನೆಗೆ ಈಗ 318. ಬೀದಿಯಲ್ಲಿ ಹೊಡೆದಾಟ ಇದ್ರೆ ಠಾಣೆಗೆ ಮೊದಲೇ ತಿಳಿಸ್ರಿ. ನಟರು ಬೇಕಂದ್ರೆ ರಾಘವ ಕಲಾಮಂದಿರದಲ್ಲಿ ನಾಟಕ ಇರೋ ದಿನ ಬಂದು ನೋಡ್ರಿ.

ಸಿರುಗುಪ್ಪದಿಂದ: ಎಲ್ಲರಿಗೂ ಶರಣು. ಗುಮಾಸ್ತನಿಗೆ ಕಳ್ಳತನದ ಸುಳಿವು ಲೆಕ್ಕದಲ್ಲೇ ಸಿಗಬೇಕು. ದಲಾಲಿ ಅಂಗಡಿ ಬಲ್ಲವರು ಯಾರಾದ್ರೂ ಇದ್ದೀರಾ?

ಕಾರಟಗಿಯಿಂದ: ಇದೀನ್ರಿ. ಹಮಾಲರಿಗೆ ಕೂಲಿ ಚೀಲದ ಲೆಕ್ಕದ ಮ್ಯಾಲೆ. ಪಟ್ಟಿಯಾಗ ಭತ್ತ 300 ಚೀಲ ಇರಲಿ, ಹಮಾಲಿ ಕೊಟ್ಟದ್ದು 301ಕ್ಕೆ ಇರಲಿ. ಹೆಚ್ಚಿನ ಆ ಒಂದು ಚೀಲ ಯಾವ ಲಾರಿಗೆ ಏರಿತು ಅಂತ ಗುಮಾಸ್ತ ಹಮಾಲರನ್ನ ಕೇಳಲಿ. ಅವರಿಗೆ ನೆನಪಿರತೈತಿ, ಯಾಕಂದ್ರ ಬಾಕಿ ಚೀಲದಷ್ಟು ಅದು ಭಾರ ಇರಲಿಲ್ಲ.