12 ದಿನಕ್ಕೆ 7 ಜಾಗ, ಜಾಸ್ತಿ ಆಯ್ತಾ?

ಮಿಂಚುಳ್ಳಿ:
ಹಕ್ಕಿ ನೋಡಲೆಂದೇ ಹೊರದೇಶಕ್ಕೆ ಹೋಗುತ್ತಿರುವುದು ಇದೇ ಮೊದಲು. ಮಾರ್ಚ್‌ನಲ್ಲಿ 12 ದಿನ, ಬೋರ್ನಿಯೋ ದ್ವೀಪದಲ್ಲಿರುವ ಮಲೇಷ್ಯಾದ ಸಬಾ ರಾಜ್ಯ. ಕಿನಬಾಲು, ಪೋರಿಂಗ್, ಸೆಪಿಲೋಕ್, ಗೊಮಾಂಟಾಂಗ್ ಗುಹೆ, ಕಿನಬಟಂಗನ್ ನದಿ, ಡಾನಮ್ ಕಣಿವೆ, ತಬಿನ್, ಎಲ್ಲವನ್ನೂ ತುರುಕಿದ್ದೇನೆ. ಜೊತೆಗೆ ಬರುವ ಹೆಂಡತಿಗೆ ಈ ಹುಚ್ಚಿಲ್ಲ. ಪ್ಲಾನ್ ಸರಿ ಇದೆಯಾ? 10×42 ಬೈನಾಕ್ಯುಲರ್ ನಡೆಯುತ್ತಾ?

ಮಂಗಟ್ಟೆ:
ನಾಲ್ಕು ಜಾಗ ಹೊಡೆದು ಹಾಕಿ. ಇಲ್ಲದಿದ್ದರೆ ನೋಡುವುದು ಬರೀ ರಸ್ತೆ. ಮಳೆಕಾಡಲ್ಲಿ ಹತ್ತು ಹಕ್ಕಿ ಕೂಗಿದರೆ ಒಂದು ಕಾಣುತ್ತೆ, ಅದೂ ಕತ್ತೆತ್ತಿ ನೋಡುವಷ್ಟರಲ್ಲಿ ಹಾರಿಹೋಗಿರುತ್ತೆ. ಡಾನಮ್‌ನಲ್ಲಿ ನಾನು ಒಂದು ಪಿಟ್ಟಾ ಹಕ್ಕಿಯ ಹಿಂದೆ ಮೂರು ದಿನ ಅಲೆದೆ, ದನಿ ಬಿಟ್ಟರೆ ಏನೂ ಇಲ್ಲ. ನಾಲ್ಕನೇ ಬೆಳಿಗ್ಗೆ ಬಗ್ಗಿ ಕಾಲಿಗೆ ಕಚ್ಚಿದ ಉಂಬಳ ಕೀಳುತ್ತಿದ್ದಾಗ ಆ ಹಕ್ಕಿಯೇ ಕಾಲುದಾರಿ ದಾಟಿಕೊಂಡು ಕುಪ್ಪಳಿಸುತ್ತಾ ಹೋಯ್ತು! ಆ ನಾಲ್ಕನೇ ದಿನ ನಿಮ್ಮ ಪ್ಲಾನ್‌ನಲ್ಲಿ ಎಲ್ಲೂ ಇಲ್ಲ.

ಸೆಪಿಲೋಕ್ ಬಿಡಬೇಡಿ. ಅಲ್ಲಿ ಮರದ ತಲೆಯ ಎತ್ತರದಲ್ಲೇ ನಡೆಯುವ ಸೇತುವೆ ಇದೆ, ಬ್ರಿಸಲ್‌ಹೆಡ್ ಕಾಣಬಹುದು. ಬೋರ್ನಿಯೋದಲ್ಲಿ ಮಾತ್ರ ಇರುವ ಹಕ್ಕಿ, ಅದರ ಕುಟುಂಬಕ್ಕೆ ಅದೊಂದೇ. ಕಿನಬಟಂಗನ್‌ನಲ್ಲಿ ದೋಣಿ ಹತ್ತಿ. ಬೋರ್ನಿಯೋದ 8 ಬಗೆಯ ಮಂಗಟ್ಟೆಗಳೂ (ಹಾರ್ನ್‌ಬಿಲ್) ಆ ನದಿಯ ಕಾಡಲ್ಲಿವೆ, ಉದ್ದ ಮೂಗಿನ ಕೋತಿಗಳಿವೆ, ಪುಣ್ಯ ಇದ್ದರೆ ಆನೆ. ನಿಮ್ಮ ಮನೆಯವರಿಗೂ ಬೇಜಾರಾಗಲ್ಲ. ಮೂರನೆಯದು ಡಾನಮ್ಮೋ ಕಿನಬಾಲೋ ನೀವೇ ನೋಡಿ.

ಗೊರವ:
ಮೊದಲ ಸಲಕ್ಕೆ ಸಬಾ ಯಾಕೆ? ಥಾಯ್ಲೆಂಡ್ ಸುಲಭ. ಕೆಂಗ್ ಕ್ರಚಾನ್ ಕಾಡಿನ ಹೊರಗೆ ನೀರಿನ ಗುಂಡಿ ಪಕ್ಕ ಮರೆ ಕಟ್ಟಿರುತ್ತಾರೆ, ಒಣಗಾಲದಲ್ಲಿ ಸುಮ್ನೆ ಕೂತರೆ ಹಕ್ಕಿಗಳೇ ಬರುತ್ತವೆ. ಅಲ್ಲಿಂದ ಪಾಕ್ ತಲೆ ಅನ್ನೋ ಊರಿನ ಉಪ್ಪಿನ ಗದ್ದೆ ದೂರವಿಲ್ಲ. ಚಮಚದ ಕೊಕ್ಕಿನ ಪುಟ್ಟ ಸ್ಯಾಂಡ್‌ಪೈಪರ್ ಚಳಿಗಾಲಕ್ಕೆ ರಷ್ಯಾದ ಈಶಾನ್ಯ ಮೂಲೆಯಿಂದ ಅಲ್ಲಿಗೆ ಬರುತ್ತೆ. ಜಗತ್ತಲ್ಲಿ ಉಳಿದಿರೋದು ಸಾವಿರಕ್ಕೂ ಕಡಿಮೆ. ಮಾರ್ಚ್ ಕೊನೆಗೆ ಹೋದರೆ ಸಿಗೋದು ಕಷ್ಟ, ವಾಪಸ್ ಹೊರಟಿರುತ್ತವೆ.

ಮಂಗಟ್ಟೆ:
ಮರೆಯಲ್ಲಿ ಕೂತು ನೋಡೋದು ಚೆನ್ನಾಗಿರುತ್ತೆ, ಒಪ್ಪಿದೆ. ಆದರೆ ಅವರು ಕೇಳಿದ್ದು ಸಬಾ ಅಲ್ವಾ :)

ಇರುಳುಗೂಬೆ:
ಬೈನಾಕ್ಯುಲರ್ ಬಗ್ಗೆ ಯಾರೂ ಹೇಳಲಿಲ್ಲ. 8×42 ಸಿಕ್ಕರೆ ಅದನ್ನೇ ಒಯ್ಯಿರಿ. ಕಾಡಿನೊಳಗೆ ಕತ್ತಲು, ಎಲೆ ಜಾಸ್ತಿ, 10 ಪಟ್ಟು ಹಿಗ್ಗಿಸುವ 10×ನಲ್ಲಿ ಒಮ್ಮೆಗೆ ಕಾಣುವ ಜಾಗ ಚಿಕ್ಕದು, ಹಕ್ಕಿ ಎಲ್ಲಿ ಅಂತ ಹುಡುಕುವಷ್ಟರಲ್ಲಿ ಆಟ ಮುಗಿದಿರುತ್ತೆ. ಉಂಬಳಕ್ಕೆ ಮೊಣಕಾಲವರೆಗೆ ಬರುವ ದಟ್ಟ ನೇಯ್ಗೆಯ ಲೀಚ್ ಸಾಕ್ಸ್ ತಗೊಳ್ಳಿ. ಇನ್ನೊಂದು, ಗೈಡ್ ಹತ್ತಿರ ಮೊದಲೇ ಮಾತಾಡಿ. ನಮಗೆ ಸಿಕ್ಕವನು ಹಕ್ಕಿಯನ್ನು ಕರೆಯಲು ಸ್ಪೀಕರಿನಲ್ಲಿ ಅದರ ಕೂಗನ್ನೇ ಅರ್ಧ ಗಂಟೆ ಹಾಕಿದ. ಬಂದ ಹಕ್ಕಿ ಗಾಬರಿಯಲ್ಲಿ ಕೊಂಬೆಯಿಂದ ಕೊಂಬೆಗೆ ಹಾರಾಡಿತು, ಫೋಟೋ ಸಿಕ್ಕಿತು, ನೋಡೋಕೆ ಮನಸ್ಸಾಗಲ್ಲ.

ಮಿಂಚುಳ್ಳಿ:
ಸೆಪಿಲೋಕ್, ಕಿನಬಟಂಗನ್, ಡಾನಮ್, ಅಷ್ಟೇ. ಡಾನಮ್‌ಗೆ 5 ದಿನ ಇಟ್ಟಿದ್ದೇನೆ. ಹೆಂಡತಿಗೆ ಉಂಬಳದ ವಿಷಯ ಇನ್ನೂ ಹೇಳಿಲ್ಲ.